ಎಡಗೈ ಕಾಫಿ

ಆಶಾರಾಣಿಯ ಬಲಗೈ ಭುಜದಿಂದ ಮೇಲಕ್ಕೆ ಏಳುವುದನ್ನು ನಿಲ್ಲಿಸಿದ್ದು ಅವಳು ರಿಟೈರ್ ಆದ ವರ್ಷ. ಅಲ್ಲಿಯವರೆಗೆ ಅವಳು ಸಿಟಿ ಬಸ್ಸಿನ ಕಂಡಕ್ಟರ್. ಯಲಹಂಕದಿಂದ ಹೆಬ್ಬಾಳ, ಹೆಬ್ಬಾಳದಿಂದ ಮೆಜೆಸ್ಟಿಕ್, ಮತ್ತೆ ವಾಪಸ್. ಕುತ್ತಿಗೆಗೆ ಟಿಕೆಟ್ ಮಿಷಿನ್, ತೋಳಿನಲ್ಲಿ ಚರ್ಮದ ಬ್ಯಾಗ್, ಬಲಗೈ ಯಾವಾಗಲೂ ಮೇಲಿನ ಕಂಬಿಯಲ್ಲಿ. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಅವಳ ಇಡೀ ಮೈಯ ಭಾರ ಆ ಒಂದು ಭುಜದ ಮೇಲೆ ಬೀಳುತ್ತಿತ್ತು. ಕೆಲಸದಲ್ಲಿ ಇರುವಷ್ಟು ದಿನ ಭುಜ ತಡೆದುಕೊಂಡಿತು. ಶಾಲು ಹೊದಿಸಿ, ಹಾರ ಹಾಕಿ ಡಿಪೋದವರು ಮನೆಗೆ ಕಳಿಸಿದ ಮೇಲೆ ಹಟ ಹಿಡಿದು ಕೂತಿತು. ರವಿಕೆಯ ತೋಳಿಗೆ ಕೈ ತೂರಿಸಲೂ ಅವಳು ಹಲ್ಲು ಕಚ್ಚಬೇಕಾಯಿತು.

"ಭುಜ ಹಿಡ್ಕೊಂಡಿದೆ. ಬಿಡಕ್ಕೆ ಒಂದು ವರ್ಷಾನೂ ಆಗ್ಬಹುದು," ಎಂದರು ಡಾಕ್ಟರು. "ವ್ಯಾಯಾಮ ಹೇಳ್ಕೊಡ್ತಾರೆ, ಅದನ್ನ ಮಾಡಿ. ಬಲವಂತವಾಗಿ ಮಾತ್ರ ಎತ್ತಬೇಡಿ."

ಅವಳ ಗಂಡ ನಾಗೇಶನಿಗೆ ಬ್ಯಾಟರಾಯನಪುರದ ಮೇನ್ ರೋಡಿನಲ್ಲಿ ಬೈಕ್ ಸೀಟಿಗೆ ಕವರ್ ಹೊಲಿಯುವ ಅಂಗಡಿಯಿದೆ. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಜೋರು ಮಾತಿಲ್ಲ. ಅವನದು ಒಂದೇ ಒಂದು ಹಟ. ಬೆಳಗಿನ ಕಾಫಿಯನ್ನು ಲೋಟದಿಂದ ಲೋಟಕ್ಕೆ ಕೈಯಳತೆ ಎತ್ತರದಿಂದ ಹೊಯ್ದಿರಬೇಕು, ಬಾಯಿ ಇಟ್ಟರೆ ಮೀಸೆಗೆ ನೊರೆ ಹತ್ತಬೇಕು. ಮೊದಲು ಅವನ ತಾಯಿ ಹೊಯ್ದಳು, ಆಮೇಲೆ ಹೆಂಡತಿ. ಫಸ್ಟ್ ಶಿಫ್ಟ್ ಇದ್ದ ದಿನ ಕತ್ತಲಲ್ಲೇ ಎದ್ದು, ಯೂನಿಫಾರ್ಮ್ ಹಾಕಿಕೊಂಡು, ಗಂಡನ ಕಾಫಿಗೆ ನೊರೆ ಎಬ್ಬಿಸಿಟ್ಟು ಡಿಪೋಗೆ ಓಡುತ್ತಿದ್ದಳು. ಅವಳು ಕುಡಿಯುತ್ತಿದ್ದದ್ದು ಬಸ್ ಸ್ಟಾಂಡಿನ ಟೀ, ನಿಂತುಕೊಂಡೇ.

ಡಾಕ್ಟರನ್ನು ನೋಡಿಬಂದ ಮರುದಿನ ಹೊಯ್ಯದ ಕಾಫಿಯನ್ನು ಮುಂದಿಟ್ಟಳು.

"ಇದೇನಿದು, ನೊರೆನೇ ಇಲ್ಲ," ಎಂದ ನಾಗೇಶ.

"ಕೈ ಏಳಲ್ಲ."

"ನಿಧಾನಕ್ಕೆ ಮಾಡು. ಮಾಡ್ತಾ ಮಾಡ್ತಾ ಸರಿ ಹೋಗುತ್ತೆ."

"ನಿಮ್ಮ ಕೈ ಏಳುತ್ತಲ್ಲ. ಹೊಯ್ಕೊಳ್ಳಿ."

ತಮಾಷೆಗೆ ಅಂದಳು ಎಂದುಕೊಂಡು ನಾಗೇಶ ನಕ್ಕ. ಅವಳು ನಗಲಿಲ್ಲ. ಅವನು ಲೋಟವನ್ನು ಅಲ್ಲೇ ಬಿಟ್ಟು, ಸ್ಕೂಟರ್ ತೆಗೆದು, ಮೂಲೆಯ ದರ್ಶಿನಿಗೆ ಹೋದ. ಮರುದಿನವೂ ಹೋದ, ಅದರ ಮರುದಿನವೂ ಹೋದ.

ಸುದ್ದಿ ಎದುರು ಮನೆಗೆ ಮುಟ್ಟಿತು. ಅಲ್ಲಿರುವವಳು ನಾಗೇಶನ ಅಕ್ಕ ಗಂಗರತ್ನಮ್ಮ. ಗಂಡನ ಕಡೆಯ ರಾಗಿ ಹೊಲ ಲೇಔಟ್ ಆದ ಮೇಲೆ ನಾಲ್ಕಂತಸ್ತು ಕಟ್ಟಿ, ಕೆಳಗೆ ತಾನಿದ್ದು, ಮೇಲೆಲ್ಲ ಬಾಡಿಗೆಗೆ ಕೊಟ್ಟವಳು.

"ನಮ್ ನಾಗೇಶ ಓಟ್ಲಾಗೆ ನಿಂತ್ಕಂಡು ಕಾಫಿ ಕುಡಿಯೋ ಅಂಗಾಯ್ತಾ ಆಶಾ," ಎಂದಳು.

"ನಾನೂ ಅಷ್ಟು ವರ್ಷ ನಿಂತ್ಕೊಂಡೇ ಕುಡ್ದಿದೀನಿ ಅತ್ತಿಗೆ. ಕಾಲೇನೂ ಸವೆದಿಲ್ಲ."

ಹಾಗೆ ಅಂದುಬಿಟ್ಟಳೇ ಹೊರತು ಆ ಮಾತು ಅವಳನ್ನೇ ಕೊರೆಯತೊಡಗಿತು. ದಿನವೂ ನೊರೆ ಎಬ್ಬಿಸಿದ್ದು ತಾನು. ಅದರ ರುಚಿ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಹೇಳಲು ತನಗೆ ಗೊತ್ತಿಲ್ಲ. ರಿಟೈರ್ ಆದ ಮೇಲೆ ಬಾಗಿಲ ಮೆಟ್ಟಿಲ ಮೇಲೆ ಕೂತು, ಯಾವ ಬಸ್ಸಿನ ಟೈಮನ್ನೂ ನೋಡದೆ, ಹಾಗೊಂದು ಲೋಟ ಕಾಫಿ ಕುಡಿಯಬೇಕೆಂದು ಆಸೆ ಇಟ್ಟುಕೊಂಡಿದ್ದಳು. ಆ ಹೊತ್ತಿಗೆ ಸರಿಯಾಗಿ ಕೈ ಬಿತ್ತು. ಎಡಗೈಯಲ್ಲಿ ಮಜ್ಜಿಗೆ ಕಡೆಯುವ ಕಡಗೋಲು ಆಡಿಸಿ ನೋಡಿದಳು. ದಪ್ಪ ದಪ್ಪ ಗುಳ್ಳೆ ಎದ್ದು, ಲೋಟಕ್ಕೆ ಬೀಳುವಷ್ಟರಲ್ಲಿ ಒಡೆದುಹೋಯಿತು.

ಗಂಗರತ್ನಮ್ಮನ ಕಿರಿಯ ಮಗಳು ಚೈತ್ರ ಇದನ್ನು ನೋಡಿ ಫೋನು ತೆಗೆದಳು. "ಅತ್ತೆ, ಹಾಲಿಗೆ ನೊರೆ ಬರ್ಸೋ ಕರೆಂಟ್ ಮಿಷಿನ್ ಇದೆ. ಫ್ರಾದರ್ ಅಂತಾರೆ. ಆನ್‌ಲೈನಲ್ಲಿ ಹಾಕ್ಲಾ?"

"ಬೇಡ. ನನ್ನ ಎಡಗೈ ಅದನ್ನ ಎತ್ತುತ್ತಾ ಇಲ್ವಾ ಅಂತ ನಾನೇ ನೋಡ್ಬೇಕು."

ಒಬ್ಬಳೇ ಬಸ್ ಹತ್ತಿ ಆರ್.ಟಿ. ನಗರಕ್ಕೆ ಹೋದಳು. ಅಲ್ಲಿನ ಒಂದು ಮಿಕ್ಸಿ, ಕುಕ್ಕರಿನ ಅಂಗಡಿಯಲ್ಲಿ ಜೀಷಾನ್ ಎಂಬ ಸೇಲ್ಸ್‌ಮನ್ ಮೊದಲು ತೋರಿಸಿದ್ದು ಸೆಲ್ಲು ಹಾಕುವ ಕಡ್ಡಿ. ತುದಿಯಲ್ಲಿ ತಂತಿಯ ಸುರುಳಿ, ಗುಂಡಿ ಒತ್ತಿದರೆ ಗರಗರ ತಿರುಗುತ್ತದೆ.

"ಎಲ್ರೂ ಇದನ್ನೇ ತಗೊಳ್ಳೋದು ಮೇಡಂ. ಸಿಂಪಲ್ಲು."

ಆಶಾರಾಣಿ ಎಡಗೈಯಲ್ಲಿ ಹಿಡಿದು ಗುಂಡಿ ಒತ್ತಿದಳು. "ಒಂದು ಕೈಲಿ ಇದನ್ನ ಹಿಡಿದ್ರೆ ಪಾತ್ರೆ ಯಾರು ಹಿಡ್ಕೋತಾರೆ? ಹಾಲನ್ನೂ ಬೇರೆ ಕಾಯಿಸ್ಬೇಕಲ್ಲ. ಬೇರೆ ತೋರ್ಸಿ."

ಅವನು ಜಗ್ಗಿನಂಥ ಎರಡನ್ನು ತಂದ. ತಣ್ಣಗಿನ ಹಾಲು ಹಾಕಿ ಗುಂಡಿ ಒತ್ತಿದರೆ ಕಾಯಿಸಿ, ನೊರೆ ಎಬ್ಬಿಸಿ, ತಾನೇ ನಿಲ್ಲುವಂಥವು. ದೊಡ್ಡದನ್ನು ಖಾಲಿ ಎತ್ತಿದಾಗಲೇ ಅವಳ ಮಣಿಕಟ್ಟು ಬಾಗಿತು. ಅದನ್ನು ಪಕ್ಕಕ್ಕಿಟ್ಟಳು. ಚಿಕ್ಕದರ ಹಿಡಿಯೊಳಗೆ ಬೆರಳುಗಳು ಸಲೀಸಾಗಿ ಕೂತವು. ಕರೆಂಟಿನ ಅಡಿಭಾಗ ಬೇರೆಯಾಗಿ ಬರುತ್ತಿತ್ತು, ಹಾಗಾಗಿ ಜಗ್ಗನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬಹುದಿತ್ತು.

"ಹಾಲು ಹಾಕಿ ತೋರ್ಸಿ."

"ಹಾಲಿನ ಡೆಮೋ ಇಲ್ಲ ಮೇಡಂ. ವಿಡಿಯೋ ಇದೆ, ತೋರಿಸ್ತೀನಿ."

"ವಿಡಿಯೋ ಕುಡಿಯಕ್ಕಾಗಲ್ಲ," ಎಂದು ಆಶಾರಾಣಿ ಹೊರಗೆ ಹೋಗಿ, ಪಕ್ಕದ ಬೂತಿನಿಂದ ಅರ್ಧ ಲೀಟರ್ ಹಾಲು ತಂದು ಕೌಂಟರಿನ ಮೇಲಿಟ್ಟಳು.

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮಾಲೀಕ ತಲೆಯೆತ್ತಿದ. "ಅಮ್ಮಾ, ಯಜಮಾನ್ರನ್ನ ಕರ್ಕೊಂಡ್ ಬನ್ನಿ. ಅವರು ನೋಡಿ ತಗೊಳ್ಳಲಿ."

"ಯಜಮಾನ್ರಿಗಲ್ಲ, ನಂಗೆ."

ಅಷ್ಟು ಹೇಳಿ ಅಲ್ಲೇ ನಿಂತಳು. ತುಂಬಿದ ಬಸ್ಸಿನಲ್ಲಿ ಎದುರಿನವನು ಜರುಗುವ ತನಕ ಜಾಗ ಬಿಡದೆ ನಿಲ್ಲುವುದು ಅವಳಿಗೆ ಅಭ್ಯಾಸವಾದ ಕೆಲಸ. ಹಿಂದೆ ಗಿರಾಕಿಗಳು ಸೇರತೊಡಗಿದಾಗ ಮಾಲೀಕ ಕೈ ಬೀಸಿದ. ಜೀಷಾನ್ ಶೋಕೇಸಿನಲ್ಲಿದ್ದ ಪೀಸನ್ನು ತೊಳೆದು ತಂದು, ಮೇಲಿನ ಗೆರೆಯವರೆಗೆ ಹಾಲು ಸುರಿದು ಗುಂಡಿ ಒತ್ತಿದ. ಸ್ವಲ್ಪ ಹೊತ್ತಿಗೆ ನೊರೆ ಮುಚ್ಚಳವನ್ನು ಎಬ್ಬಿಸಿಕೊಂಡು ಕೌಂಟರಿನ ಮೇಲೆಲ್ಲ ಹರಿಯಿತು. ಅವನು ಕೆಂಪಗಾಗಿ, ಬಟ್ಟೆ ಹುಡುಕಿ, ಡಬ್ಬಿಯೊಳಗಿನ ಪುಸ್ತಕ ತೆಗೆದು ಓದಿದ. ಮೇಲಿನ ಗೆರೆ ಬರೀ ಹಾಲು ಕಾಯಿಸುವುದಕ್ಕೆ. ನೊರೆ ಬೇಕಿದ್ದರೆ ಕೆಳಗಿನ ಗೆರೆಗೆ ನಿಲ್ಲಿಸಬೇಕು.

"ನೀವು ವಿಡಿಯೋದಲ್ಲಿ ಇದನ್ನ ನೋಡಿರ್ಲಿಲ್ವಾ?" ಎಂದು ಅವಳು ಕೇಳಿದಾಗ ಅವನಿಗೂ ನಗು ಬಂತು.

ಎರಡನೆಯ ಸಲ ಸರಿಯಾಗಿ ಬಂತು. ಅವಳು ಎಡಗೈಯಲ್ಲಿ ಎತ್ತಿ ಎರಡು ಪೇಪರ್ ಕಪ್ಪಿಗೆ ಬಗ್ಗಿಸಿ, ಒಂದನ್ನು ಅವನಿಗೆ ಕೊಟ್ಟು, ಒಂದನ್ನು ತಾನು ಕುಡಿದಳು. ಸಕ್ಕರೆಯಿಲ್ಲ, ಡಿಕಾಕ್ಷನ್ ಇಲ್ಲ, ಬರೀ ಹಾಲು. ಆದರೂ ನೊರೆ ತುಟಿಗೆ ಹತ್ತಿ ಕೂತಿತು. ಪ್ಯಾಕ್ ಮಾಡಲು ಹೇಳಿದಳು.

ಮನೆಯಲ್ಲಿ ಅದು ಮೊದಲ ದಿನವೇ ಮಾತು ಕೇಳಲಿಲ್ಲ. ಕಾಯಿಸಿಟ್ಟ ಹಾಲಿನ ಕೆನೆ ತಂತಿಯ ಸುರುಳಿಗೆ ಸುತ್ತಿಕೊಂಡು ನೊರೆ ತೆಳ್ಳಗೆ ಬಂತು. ಸೋಸಿ ಹಾಕಿದಳು, ಸುಮಾರಾಗಿ ಬಂತು. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಾಲನ್ನು ಸೋಸಿ ಹಾಕಿದ ದಿನ ಮಾತ್ರ ಗಟ್ಟಿಯಾಗಿ, ನುಣ್ಣಗೆ ಎದ್ದಿತು. ಲೋಟದ ತಳಕ್ಕೆ ಡಿಕಾಕ್ಷನ್ನು, ಸಕ್ಕರೆ, ಮೇಲಿನಿಂದ ಹಾಲು, ಕೊನೆಗೆ ಜಗ್ಗಿನಲ್ಲಿ ಉಳಿದ ನೊರೆ, ಚಮಚದಿಂದ. ಕುಡಿಯುವ ಮೊದಲೇ ಜಗ್ಗಿಗೆ ನೀರು ಹಾಕಿಡುವುದನ್ನೂ ಕಲಿತಳು. ಇಲ್ಲದಿದ್ದರೆ ಹಾಲು ತಳ ಹಿಡಿಯುತ್ತದೆ, ಒಳಗಿನ ಲೇಪಕ್ಕೆ ನಾರು ಹಾಕಿ ತಿಕ್ಕುವ ಹಾಗಿಲ್ಲ.

ಮೆಟ್ಟಿಲ ಮೇಲೆ ಕೂತು ಅವಳು ಕುಡಿಯುವುದನ್ನು ನಾಗೇಶ ಬಾಗಿಲಲ್ಲಿ ನಿಂತು ನೋಡಿದ. "ಮಿಷಿನ್ ಕಾಫಿ ಕುಡಿಯೋಕೆ ಇದೇನು ಆಫೀಸಾ?"

"ಕುಡೀಬೇಡಿ. ನಾನು ಒಂದೇ ಲೋಟ ಮಾಡಿರೋದು."

ಹೀಗೇ ನಡೆಯುತ್ತಿರುವಾಗ ಚೈತ್ರಳ ಮದುವೆಯ ಮಾತು ಬಂತು. ಹುಡುಗ ಶರತ್, ಅವಳೇ ಮೆಚ್ಚಿದವನು. ಭಾನುವಾರ ಅವನ ಮನೆಯವರು ಬಂದು ಮಾತಾಡಿ ಹೋಗುವುದೆಂದಾಯಿತು. ಮನೆಯಲ್ಲಿ ಏನೇ ನಡೆದರೂ ಕಾಫಿ ಆಶಾರಾಣಿಯದೇ. ಗಂಗರತ್ನಮ್ಮ ಹಿಂದಿನ ಸಂಜೆಯೇ ಬಂದಳು.

"ಆ ಜಗ್ಗು ತರಬ್ಯಾಡ. ಮತ್ತೆ, ಎಡಗೈಲಿ ಕೊಡಬ್ಯಾಡ ಕಣೆ. ಶುಭಕಾರ್ಯ. ಬೀಗ್ರು ಏನಂದ್ಕಂಡಾರು."

"ಹಾಗಾದ್ರೆ ಬೇರೆಯವ್ರ ಕೈಲಿ ಮಾಡ್ಸಿ ಅತ್ತಿಗೆ."

"ಇಂಗಂದ್ರೆ ಎಂಗೆ?"

"ನನ್ನ ಕೈ ಹೆಂಗಿದ್ಯೋ ಹಂಗೆ."

ಹೋಗದೆ ಇರಬಹುದಿತ್ತು. ಆದರೆ ಚೈತ್ರ ಬಂದು, "ನೀವು ಬರ್ಲೇಬೇಕು ಅತ್ತೆ, ಮಿಷಿನ್ನೂ ಬರ್ಲಿ," ಎಂದಳು. ಆಶಾರಾಣಿ ಜಗ್ಗನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ರಸ್ತೆ ದಾಟಿದಳು.

ಜಗ್ಗಿನಲ್ಲಿ ಒಂದು ಸಲಕ್ಕೆ ಎರಡೇ ಲೋಟ. ಹಾಲ್‌ನಲ್ಲಿ ಸೋಫಾ ತುಂಬ ಬೀಗರು. ಮೊದಲ ಎರಡು ಲೋಟವನ್ನು ಬೆಳಗಿನಿಂದ ಕಜ್ಜಾಯ ಕರಿದು ಬೆವತಿದ್ದ ಅಡುಗೆಯವಳಿಗೂ ಚೈತ್ರಳಿಗೂ ಕೊಟ್ಟಳು. ಇದನ್ನು ನೋಡಿದ ಗಂಗರತ್ನಮ್ಮ ತಮ್ಮನನ್ನು ಒಳಗೆ ಕಳಿಸಿದಳು.

ನಾಗೇಶ ದನಿ ತಗ್ಗಿಸಿ ಹೇಳಿದ. "ಇವತ್ತೊಂದು ದಿನ ಆಶಾ. ಎಲ್ಲರಿಗೂ ಒಟ್ಟಿಗೆ ಎತ್ತಿ ಹೊಯ್ದು ಕೊಟ್ಬಿಡು. ಮರ್ಯಾದೆ ಪ್ರಶ್ನೆ."

ಅವಳು ಜಗ್ಗನ್ನು ಕೆಳಗಿಟ್ಟಳು. ಅವನ ಎದುರಿಗೆ ತಿರುಗಿ ಬಲಗೈ ಎತ್ತಿದಳು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಇನ್ನೂ ಎತ್ತಿದಳು. ಭುಜ ಕಿವಿಯವರೆಗೆ ಸೊಟ್ಟಗಾಯಿತು, ಕೈ ಮಾತ್ರ ಇದ್ದಲ್ಲೇ ನಡುಗಿತು. ಹಣೆಯಲ್ಲಿ ಬೆವರು ಮೂಡಿತು. ಆದರೂ ಕೈ ಇಳಿಸಲಿಲ್ಲ.

"ನೋಡಿ. ಇಷ್ಟೇ ಏಳೋದು. ಮರ್ಯಾದೆ ಇದಕ್ಕಿಂತ ಮೇಲಿದ್ರೆ ನೀವೇ ಎತ್ಕೊಳ್ಳಿ."

ಇಷ್ಟು ದಿನದಲ್ಲಿ ನಾಗೇಶ ಆ ಕೈಯನ್ನು ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಆಶಾರಾಣಿ ಕೈ ಇಳಿಸಿ, ಒಂದು ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡು ಹಾಲ್‌ಗೆ ನಡೆದಳು. ಶರತ್‌ನ ತಾಯಿಯ ಮುಂದೆ ಹಿಡಿದಳು.

"ಬಲಗೈ, ಬಲಗೈ," ಎಂದು ಗಂಗರತ್ನಮ್ಮ ಹಲ್ಲಿನ ನಡುವೆ ಅಂದಳು.

ಆಶಾರಾಣಿ ಹಿಂದಿನ ಸೀಟಿನವರಿಗೂ ಕೇಳುವ ದನಿಯಲ್ಲಿ ಹೇಳಿದಳು. "ನನ್ನ ಬಲಗೈ ಏಳಲ್ಲಮ್ಮ. ಎಡಗೈಲಿ ಕೊಡ್ತಿದೀನಿ. ಎರಡೆರಡೇ ಲೋಟ ಬರುತ್ತೆ, ಸ್ವಲ್ಪ ಕಾಯ್ಬೇಕು. ಬೇಡ ಅನ್ನೋರು ಈಗ್ಲೇ ಹೇಳ್ಬಿಡಿ."

ಶರತ್‌ನ ತಾಯಿ ಗಂಗರತ್ನಮ್ಮನ ಮುಖವನ್ನೊಮ್ಮೆ, ಲೋಟವನ್ನೊಮ್ಮೆ ನೋಡಿದಳು. ಆಮೇಲೆ ಕೈ ಚಾಚಿ ತೆಗೆದುಕೊಂಡಳು. ಅವಳ ಭಾವನೊಬ್ಬ ಮಾತ್ರ ತನಗೆ ಬಂದ ಲೋಟವನ್ನು ಟೀಪಾಯಿಯ ಮೇಲೆ ಇಡಿಸಿಕೊಂಡು ಮುಟ್ಟದೆ ಬಿಟ್ಟ. ಆಶಾರಾಣಿ ಅದನ್ನು ವಾಪಸ್ ತೆಗೆದುಕೊಂಡು ಹೋಗಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಆರುವ ಮೊದಲೇ ಕುಡಿದಳು.

ಸಂಬಂಧವೇನೂ ಮುರಿಯಲಿಲ್ಲ. ಮದುವೆ ಗೊತ್ತಾಯಿತು. ಗಂಗರತ್ನಮ್ಮ ಬಹಳ ದಿನ ಆಶಾರಾಣಿಯೊಡನೆ ಮಾತು ಬಿಟ್ಟಳು. ಆಶಾರಾಣಿ ತಾನಾಗಿ ಹೋಗಿ ಮಾತಾಡಿಸಲಿಲ್ಲ.

ಒಂದು ಬೆಳಿಗ್ಗೆ ನಾಗೇಶ ಸ್ಕೂಟರಿನ ಕೀ ತೆಗೆಯದೆ ಅಡುಗೆಮನೆಗೆ ಬಂದ. ಎರಡು ಲೋಟ ತೆಗೆದುಕೊಂಡು ಕಾಫಿಯನ್ನು ಎತ್ತಿ ಹೊಯ್ದ. ಅರ್ಧ ಲೋಟಕ್ಕೆ ಬಿತ್ತು, ಅರ್ಧ ಬೆರಳಿಗೂ ನೆಲಕ್ಕೂ. "ಅಬ್ಬಾ, ಸುಡ್ತು," ಎಂದು ಕೈ ಒದರಿದ. ಅವಳು ಲೋಟ ಕಿತ್ತುಕೊಳ್ಳಲಿಲ್ಲ, ಹೀಗಲ್ಲ ಹಾಗೆ ಎಂದು ಹೇಳಿಕೊಡಲೂ ಇಲ್ಲ.

"ನೆಲ ಒರೆಸ್ಬಿಡಿ, ಇರುವೆ ಬರುತ್ತೆ," ಎಂದಳು ಅಷ್ಟೆ.

ಅವನು ಒರೆಸಿದ. ಈಗ ಅವನ ಕಾಫಿಯನ್ನು ಅವನೇ ಹೊಯ್ದುಕೊಳ್ಳುತ್ತಾನೆ, ನೆಲಕ್ಕೆ ಬೀಳುವುದು ಕಡಿಮೆಯಾಗಿದೆ. ಮಿಷಿನ್ನಿನದು ಕಾಫಿಯೇ ಅಲ್ಲ ಎಂದು ಈಗಲೂ ಹೇಳುತ್ತಾನೆ. ಅವಳು ವಾದಕ್ಕೆ ಇಳಿಯುವುದಿಲ್ಲ, ಲೋಟ ಹಿಡಿದು ಮೆಟ್ಟಿಲಿಗೆ ಹೋಗುತ್ತಾಳೆ.

ವ್ಯಾಯಾಮ ಮಾಡಿ ಮಾಡಿ ಭುಜ ಸಡಿಲವಾಗತೊಡಗಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬಲಗೈ ತಲೆಯವರೆಗೆ ಏಳುತ್ತಿತ್ತು. ಕನ್ನಡಿಯ ಮುಂದೆ ನಿಂತು ಅವಳು ಎರಡೂ ಕೈಯಲ್ಲಿ ತುರುಬು ಕಟ್ಟಿಕೊಳ್ಳುವುದನ್ನು ನಾಗೇಶ ಕಂಡ.

"ಕೈ ಏಳುತ್ತಲ್ಲ ಈಗ," ಎಂದ, ಮೆಲ್ಲಗೆ, ಆಸೆಯಿಂದ.

"ಏಳುತ್ತೆ," ಎಂದಳು ಆಶಾರಾಣಿ, ಬಾಯಲ್ಲಿದ್ದ ಪಿನ್ನನ್ನು ತೆಗೆದು. "ಕಾಫಿ ಹೊಯ್ಯಕ್ಕಲ್ಲ."