ಆ ನೀರು ಎಲ್ಲಿಗೆ ಹೋಗುತ್ತಿತ್ತು

ಟ್ಯಾಕ್ಸಿ ಓಡಿಸುತ್ತಿದ್ದ ಅವನನ್ನು ಬೀದಿಯವರೆಲ್ಲ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಇಪ್ಪತ್ತೇಳು ವರ್ಷ ಸ್ಟೀರಿಂಗ್ ಹಿಡಿದರೂ ಯಾರಿಗೂ ಒಂದು ಗೀರು ಮಾಡಿದವನಲ್ಲ. "ಇವರ ಜೊತೆ ಹೊರಟ್ರೆ, ನಡ್ಕೊಂಡು ಹೋದೋರು ಮೊದ್ಲೇ ತಲುಪಿ ಟೀ ಕುಡಿದು ಮುಗಿಸಿರ್ತಾರೆ" ಎಂದು ಹೆಂಡತಿ ನಗುತ್ತಿದ್ದಳು. ಅವನಿಗೆ ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆ.

ಕಾರು ಹಳೆಯದು. ಎರಡು ತಿಂಗಳಿಂದ ರೇಡಿಯೇಟರಿನಲ್ಲಿ ನೀರು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಮುಚ್ಚಳ ತೆಗೆದರೆ ಅರ್ಧ ಬಾಟಲಿಯಷ್ಟು ಕಡಿಮೆ. ಬಗ್ಗಿ ನೋಡಿದರೆ ಕೆಳಗೆ ನೆಲ ಒಣ. ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರುತ್ತಿತ್ತು. ಚಳಿಗಿರಬೇಕು ಎಂದುಕೊಂಡ. ಹೆಂಡತಿಯ ತಮ್ಮನೇ ಮೆಕ್ಯಾನಿಕ್, ಗ್ಯಾರೇಜು ಎರಡು ಬೀದಿ ಆಚೆ. ಇವತ್ತು ತೋರಿಸೋಣ, ನಾಳೆ ತೋರಿಸೋಣ ಎನ್ನುತ್ತ, ಕಡಿಮೆಯಾದಷ್ಟು ನೀರು ಸುರಿದು ಹೊರಟುಬಿಡುತ್ತಿದ್ದ.

ಒಂದು ಮಧ್ಯಾಹ್ನ ಕೆಳಗಿನ ಮಹಡಿಯ ಟೈಲರಮ್ಮ ಬಾಗಿಲು ಬಡಿದಳು. "ಅಣ್ಣ, ಬೇಗ ಬನ್ನಿ. ಇವರಿಗೆ ಎದೆ ಹಿಡ್ಕೊಂಡಿದೆ."

ಗಂಡನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೂತಳು. ನಿಧಾನಪ್ಪ ಅಂದು ಜೋರಾಗಿ ಓಡಿಸಿದ. ಮೇಲ್ಸೇತುವೆಯ ಏರಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದು ಎಂಜಿನ್ ನಿಂತೇ ಹೋಯಿತು. ಅವನು ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸಿದ. ಯಾರೋ ಗಾಡಿ ನಿಲ್ಲಿಸುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ತಂದವರು ನಾಡಿ ಹಿಡಿದು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕಾರನ್ನು ಎಳೆಸಿಕೊಂಡು ಹೋಗಿ ಗ್ಯಾರೇಜಿನ ಮೂಲೆಯಲ್ಲಿ ನಿಲ್ಲಿಸಿದ್ದರು. ಎರಡು ವಾರದ ಮೇಲೆ ಅವನು ಅಲ್ಲಿಗೆ ಹೋದ.

"ಗುಜರಿಗೆ ಹಾಕೋಣ ಬಿಡಿ ಭಾವ" ಎಂದ ಮೆಕ್ಯಾನಿಕ್.

"ನೀರು ಎಲ್ಲಿಗೆ ಹೋಗ್ತಿತ್ತು ಅಂತ ನಂಗೆ ಗೊತ್ತಾಗ್ಬೇಕು."

ಮೆಕ್ಯಾನಿಕ್ ರೇಡಿಯೇಟರಿಗೆ ನೀರು ತುಂಬಿ, ಬಾಯಿಗೆ ಕೈಪಂಪು ಕೂರಿಸಿ ಒತ್ತಡ ಕೊಟ್ಟ. ಪಂಪಿನ ಒತ್ತಡದ ಮುಳ್ಳು ಮೆಲ್ಲಗೆ ಇಳಿಯುತ್ತ ಬಂತು, ಎಲ್ಲೋ ಸೋರುತ್ತಿತ್ತು. ಆದರೆ ಹೊರಗೆ ಒಂದು ಹನಿಯೂ ಇಲ್ಲ. ರಬ್ಬರ್ ಪೈಪುಗಳು ಒಣ, ನೀರಿನ ಪಂಪು ಒಣ, ಒಳಗೆ ಕಾಲಡಿಯ ಮ್ಯಾಟೂ ಒಣ. ಆಮೇಲೆ ಎಂಜಿನ್ನಿನ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದ. ಮೂರಕ್ಕೆ ಮಸಿ ಹಿಡಿದಿತ್ತು, ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿತ್ತು. ಎಂಜಿನ್ ತಿರುಗಿಸಿದಾಗ ಆ ಪ್ಲಗ್ಗಿನ ತೂತಿನಿಂದ ನೀರು ಚಿಮ್ಮಿತು.

"ಹೆಡ್ ಗ್ಯಾಸ್ಕೆಟ್ ಹೋಗಿದೆ. ನೀರು ಸಿಲಿಂಡರೊಳಗೆ ಇಳಿದು, ಹೊಗೆಯಾಗಿ ಹೋಗ್ತಿತ್ತು. ಅವತ್ತು ಏರಲ್ಲಿ ಜೋರಾಗಿ ಓಡ್ಸಿದ್ರಲ್ಲ, ಆಗ ಫಟ್ ಅಂದಿರತ್ತೆ ಭಾವ."

"ಬಿಚ್ಚಿ ತೋರ್ಸು."

ಮೆಕ್ಯಾನಿಕ್ ಗೊಣಗುತ್ತಲೇ ಬಿಚ್ಚಿದ. ಎಂಜಿನ್ನಿನ ಎರಡು ಭಾಗಗಳ ನಡುವಿನ ಗ್ಯಾಸ್ಕೆಟ್ ಎಂಬ ಆ ತೆಳು ಹಾಳೆ ಉಗುರಿನಗಲ ಸುಟ್ಟು ಹೋಗಿತ್ತು. ಅಲ್ಲಿಂದ ಸಿಲಿಂಡರಿನವರೆಗೆ ನೀರು ಹರಿದ ಜಾಡು ತುಕ್ಕು ಕಟ್ಟಿ ಕಂದು ಬಣ್ಣಕ್ಕೆ ತಿರುಗಿತ್ತು.

"ಇದು ಒಂದಿನದ್ದಾ? ನನ್ನ ಮುಖ ನೋಡಿ ಹೇಳು."

ಮೆಕ್ಯಾನಿಕ್ ಬಟ್ಟೆಯಲ್ಲಿ ಕೈ ಒರೆಸುತ್ತ ನಿಂತ. "ಎರಡು ತಿಂಗಳಾಗಿರತ್ತೆ ಭಾವ" ಎಂದ ಕೊನೆಗೆ.

ಹೆಂಡತಿ ಬೇಡವೆಂದರೂ ಅವನು ಅಂದೇ ಸಂಜೆ ಕೆಳಗಿಳಿದು ಹೋದ. ಟೈಲರಮ್ಮ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಳು.

"ಕಾರಲ್ಲಿ ಎರಡು ತಿಂಗಳಿಂದ ನೀರು ಕಮ್ಮಿ ಆಗ್ತಿತ್ತಮ್ಮ. ನಂಗೆ ಗೊತ್ತಿತ್ತು. ತೋರಿಸ್ಲಿಲ್ಲ."

ಅವಳು ದಾರ ಎಳೆಯುವುದನ್ನು ನಿಲ್ಲಿಸಿದಳು. "ಅವತ್ತು ನಾನು ಬಂದು ಕರೆದಾಗ?"

"ನೆನಪೇ ಆಗ್ಲಿಲ್ಲ."

ಅವಳು ಪ್ಯಾಂಟನ್ನು ಮಡಿಚಿ ಪಕ್ಕಕ್ಕಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: "ಯಾಕೆ ಬಂದು ಹೇಳಿದ್ರಿ? ಆಯಸ್ಸು ಅಷ್ಟೇ ಇತ್ತು ಅಂತ ಮನಸ್ಸಿಗೆ ಸಮಾಧಾನ ಹೇಳ್ಕೊಂಡಿದ್ದೆ. ಇನ್ನು ಏನಂತ ಹೇಳ್ಕೊಳ್ಲಿ?"

ಅವನು ಹೊರಗೆ ಬಂದ. ಹೇಳಿದರೆ ತನ್ನ ಭಾರ ಇಳಿದೀತು ಎಂದು ಬಂದಿದ್ದ. ಅದನ್ನು ಅವಳ ತಲೆಗೂ ಹೊರಿಸಿದೆನೆಂದು ಮೆಟ್ಟಿಲು ಹತ್ತುವಾಗ ತಿಳಿಯಿತು.

ಮೆಕ್ಯಾನಿಕ್ ಹೊಸ ಗ್ಯಾಸ್ಕೆಟ್ ಹಾಕಿಕೊಟ್ಟ. ಕಾರು ಚೆನ್ನಾಗಿಯೇ ಓಡಿತು. ಆದರೆ ಹಿಂದಿನ ಸೀಟಿನಲ್ಲಿ ಯಾರಾದರೂ ಕೂತರೆ ನಿಧಾನಪ್ಪನ ಕಣ್ಣು ರಸ್ತೆ ಬಿಟ್ಟು ಟೆಂಪರೇಚರ್ ಮುಳ್ಳಿಗೇ ಅಂಟಿಕೊಳ್ಳುತ್ತಿತ್ತು. ಮೂರನೆಯ ದಿನ ಕೀಲಿಯನ್ನು ಬಾಮೈದನ ಕೈಗಿಟ್ಟು, ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದ.

ಟೈಲರಮ್ಮ ಯಾರೊಂದಿಗೂ ಅವನನ್ನು ದೂರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದಳು, ಅಷ್ಟೇ. ಮರುವರ್ಷ ತಂಗಿಯ ಊರಿಗೆ ಹೊರಟಳು. ಹೊಲಿಗೆ ಯಂತ್ರ ಇಳಿಸಲು ಆಳು ಸಾಲದಿದ್ದಾಗ ಅವನೇ ಹೋಗಿ ಒಂದು ಕಡೆ ಹಿಡಿದ. ತಿರುವಿನಲ್ಲಿ ಅವಳು "ಹುಷಾರು, ಗೋಡೆ ತಾಗತ್ತೆ" ಎಂದಳು. ಆ ಸಂಜೆಯ ನಂತರ ಅವಳು ಅವನೊಡನೆ ಆಡಿದ ಮಾತು ಅದೊಂದೇ.

ಲಾರಿ ಹೋದ ಮೇಲೆ ಅವನು ಮನೆಗೆ ಬಂದು, ಅವಳು ಹೀಗೆಂದಳು ಎಂದು ಹೆಂಡತಿಗೆ ಹೇಳಿದ. ಹೇಳುತ್ತ ಹೇಳುತ್ತ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟ. ಹೆಂಡತಿ ಒಲೆ ಆರಿಸಿ ಪಕ್ಕದಲ್ಲಿ ಬಂದು ನಿಂತಳು.