ತಂಪು ಮನೆ ಆರಿಸಿದವಳು

ಅಕ್ಕನ ನೆತ್ತಿಯ ಮೇಲೆ ರೊಟ್ಟಿಯಗಲ ಕೂದಲೇ ಇರಲಿಲ್ಲ. ಸಿಂಬಿಯಿಟ್ಟು ಕಲ್ಲು, ಉಸುಕು ಹೊತ್ತು ಸವೆದ ಜಾಗ ಅದು. ಸೆರಗು ಸರಿದಾಗ ನಾನು ಸರಿಪಡಿಸಲು ಹೋದರೆ, "ಇರಲಿ ಬಿಡ ತಂಗಿ, ಪಣಜಿ ಬಿಲ್ಡಿಂಗೆಲ್ಲಾ ಇಲ್ಲಿಂದನ ಎದ್ದಾವು" ಎಂದು ನಗುತ್ತಿದ್ದಳು.

ಅವ್ವ ಅಪ್ಪ ಹೋದ ಮೇಲೆ ವಿಜಯಪುರದ ಕಡೆಯಿಂದ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಪಣಜಿ ಪಕ್ಕದ ಚಿಂಬಲ್‌ನ ತಗಡಿನ ಖೋಲಿಯಲ್ಲಿ ಸಾಕಿದವಳು ಅವಳು. ಬೇಸಿಗೆಯಲ್ಲಿ ಆ ತಗಡು ಕಾದ ಹಂಚು. ಫ್ಯಾನು ಹಗಲೂ ರಾತ್ರಿ ತಿರುಗಬೇಕು, ಹಳೆಯ ಫ್ರಿಜ್ಜಂತೂ ಗುರ್ರೆನ್ನುವ ಬಾಯಿ ಮುಚ್ಚುತ್ತಲೇ ಇರಲಿಲ್ಲ. "ಇದು ಫ್ಯಾನ್ ಅಲ್ಲ, ಒಲಿ ಊದೂ ಕೊಳವಿ. ಬಿಸಿ ಗಾಳಿಗೂ ಬಿಲ್ ಕಟ್ಟಬೇಕಲ್ಲ!" ಎಂದು ಬೈಯುತ್ತಿದ್ದಳು. ಒಮ್ಮೆ ಕೆಲಸದಲ್ಲಿ ಬವಳಿ ಬಂದು ಬಿದ್ದಳು. ಹೃದಯ ಸೋತಿದೆ, ಇನ್ನು ಸೆಕೆಯಲ್ಲಿ ಇರಬಾರದು ಎಂದರು ಡಾಕ್ಟರು. ಅಷ್ಟರಲ್ಲಿ ಮಡ್ಕಯಿಯ ಕಾರ್ಖಾನೆಯಲ್ಲಿ ನನ್ನ ನೌಕರಿ ಕಾಯಂ ಆಗಿತ್ತು. ಮುಂದಿನ ಬೇಸಿಗೆಯೊಳಗೆ ಅವಳನ್ನು ತಗಡಿನಡಿಯಿಂದ ಬಿಡಿಸಬೇಕೆಂದು ಹಟ ಹಿಡಿದೆ.

ಕಾರ್ಖಾನೆಗೆ ಹತ್ತಿರದ ಫೋಂಡಾದಲ್ಲಿ ಎರಡು ಸಣ್ಣ ಫ್ಲ್ಯಾಟು ನೋಡಿದೆವು. ಒಂದು ಅಗ್ಗ, ಪಡುವಣಕ್ಕೆಲ್ಲ ಗಾಜು. ಇನ್ನೊಂದು ತುಟ್ಟಿ, ಆದರೆ ಕರೆಂಟು ಉಳಿಸುವ ಕಟ್ಟಡವೆಂದು ಅದಕ್ಕೆ ಫ್ರಿಜ್ಜಿನ ಮೇಲಿರುವಂಥ ಸ್ಟಾರ್‌ಗಳು ಸಿಕ್ಕಿದ್ದವು. ನಾನು ಅಗ್ಗದ್ದಕ್ಕೆ ಜೋತುಬಿದ್ದೆ. ಅಕ್ಕ ಬಿಡಲಿಲ್ಲ.

"ಬಾಯಾರ, ಈ ಚುಕ್ಕಿ ನೀವ ಹಚ್ಚಿಕೊಂಡೀರೇನ್ರಿ?" ಎಂದು ಮನೆ ತೋರಿಸಲು ಬಂದಿದ್ದ ಬೆಳಗಾವಿಯ ಹೆಣ್ಣುಮಗಳನ್ನು ಕೇಳಿದಳು.

"ಇಲ್ರಿ, ಹೊರಗಿನವರು ಬಂದು ಗೋಡಿ, ಛತ್ತು, ಕಿಡಕಿ ಎಲ್ಲಾ ನೋಡಿ ಕೊಡ್ತಾರ. ಚುಕ್ಕಿ ಹೆಚ್ಚಿದ್ರ ಬಿಲ್ ಕಡಿಮಿ."

ಅಕ್ಕ ಅಷ್ಟಕ್ಕೇ ನಂಬುವವಳೇ? ನೀರು ಕೇಳುವ ನೆಪದಲ್ಲಿ ಕೆಳಗಿನ ಮನೆ ಹೊಕ್ಕು, ಅವರ ಲೈಟ್ ಬಿಲ್ಲು ವಿಚಾರಿಸಿಕೊಂಡೇ ಬಂದಳು. "ಮನಿ ಒಮ್ಮೆ ಕೊಳ್ಳೂದು, ಬಿಲ್ ಸಾಯೂತನಕಾ ಕಟ್ಟೂದು. ಇದನ್ನ ತಗೋ" ಎಂದಳು.

ಶಿವರಾತ್ರಿಯ ಹೊತ್ತಿಗೆ ಕೀಲಿ ಕೈಗೆ ಬಂತು. ಅವತ್ತೇ ಹೋಗೋಣವೆಂದೆ. ಹಾಲು ಉಕ್ಕಿಸದೆ ಹೊಸ ಮನೆಯಲ್ಲಿ ಮಲಗಬಾರದು, ಉಕ್ಕಿಸುವುದಾದರೆ ಯುಗಾದಿ ಪಾಡ್ಯಕ್ಕೇ ಎಂದು ಅವಳು ಕೂತುಬಿಟ್ಟಳು.

"ಪಾಡ್ಯಾ ಬಂದು ಸೆಕಿ ತಡೀತೈತೇನ ಅಕ್ಕಾ?" ಎಂದು ಸಿಡುಕಿದೆ.

"ಇಷ್ಟ ವರ್ಷ ತಡಕೊಂಡೇವಿ. ಇನ್ನಷ್ಟ ದಿನಾ ಆಗೂದಿಲ್ಲೇನ?"

ಹೋಳಿ ಮುಗಿದ ಮೇಲೆ, ಒಂದು ಮಧ್ಯಾಹ್ನ, ಆ ತಗಡಿನಡಿಯಲ್ಲೇ ಅವಳ ಉಸಿರು ನಿಂತಿತು. ಕೀಲಿ ದೇವರ ಮುಂದಿತ್ತು, ತಂಪು ಮನೆ ಖಾಲಿ ಬಿದ್ದಿತ್ತು. ಪಾಡ್ಯದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅಕ್ಕನ ಮೇಲೆ ಅದಕ್ಕಿಂತ ಹೆಚ್ಚು. ದಿನಕರ್ಮ ಮುಗಿಸಿ ಒಬ್ಬಳೇ ಹೋಗಿ ಬಾಗಿಲು ತೆರೆದೆ. ಹಾಲು ಉಕ್ಕಿಸಲು ಮನಸ್ಸು ಬರಲಿಲ್ಲ.

ಅವಳ ಆಯ್ಕೆ ಸುಳ್ಳಾಗಲಿಲ್ಲ. ಮೇ ತಿಂಗಳಲ್ಲೂ ಫ್ಯಾನು ಸಣ್ಣಗೆ ತಿರುಗಿದರೆ ಸಾಕು. ಬೇಸಿಗೆಯ ಬಿಲ್ಲು ಖೋಲಿಯದಕ್ಕಿಂತ ಕಡಿಮೆ ಬಂತು, ಕೆಳಗಿನ ಮನೆಯವರದಕ್ಕಿಂತಲೂ ಕಡಿಮೆ. ಸ್ಟಾರ್ ಇರುವ ಮನೆಯೆಂದರೆ ಹೀಗೆ ಎಂದು ಅವರು ಖುಷಿಪಟ್ಟರು. ನಾನೂ ಹೌದೆಂದೆ. ಇಬ್ಬರಿಗೆಂದು ಕೊಂಡ ಮನೆಯಲ್ಲಿ ಒಬ್ಬಳೇ ಇದ್ದರೆ ಬಿಲ್ಲು ಕಡಿಮೆಯೇ ಬರುತ್ತದೆ ಎಂದು ಅವರಿಗೆ ಹೇಳಲಾಗಲಿಲ್ಲ.