ದರ್ಜಿ ಅಂಗಡಿಯ ಪದಬಂಧ

ನಸೀಮಾ ಅವರು ತಮ್ಮ ತಂದೆಯ ವಿಷಯ ನನಗೆ ಹೇಳಿದ್ದು ಪದಬಂಧವನ್ನು ನಾನು ಒಪ್ಪುವ ಮೊದಲೋ, ಒಪ್ಪಿದ ಮೇಲೋ, ಈಗ ಖಚಿತವಾಗಿ ಹೇಳಲಾರೆ. ಮೊದಲೇ ಹೇಳಿದ್ದರೆ, ನಾನು ತೂಗಿ ನೋಡಿದ್ದು ಪದಗಳನ್ನಲ್ಲ, ಅವರ ಸಂಕಟವನ್ನು.

ಕೋವಿಡ್ ಕಳೆದ ಎರಡನೆಯ ವರ್ಷ. ಬೀದರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ನಾನು ಭಾನುವಾರದ ಪುರವಣಿ ನೋಡಿಕೊಳ್ಳುತ್ತಿದ್ದೆ. ಓದುಗರು ರಚಿಸಿ ಕಳಿಸುವ ಪದಬಂಧಗಳನ್ನು ನಾನೂ ಭಾಲ್ಕಿಯ ನಿವೃತ್ತ ಉಪನ್ಯಾಸಕ ವಿಠಲರಾವ್ ಅವರೂ ಸೇರಿ ಆರಿಸುತ್ತಿದ್ದೆವು. ಮುಖ್ಯ ಪದಗಳೆಲ್ಲ ಒಂದೇ ವಿಷಯಕ್ಕೆ ಸೇರಿದ್ದರೆ ಅದು ಥೀಮ್. ಉಳಿದ ಮನೆಗಳನ್ನು ತುಂಬುವ ಪದಗಳು ಫಿಲ್ಲರ್. ಥೀಮ್ ಎಷ್ಟೇ ಚೆನ್ನಾಗಿರಲಿ, ಪದಬಂಧ ಕೆಡುವುದು ಹೆಚ್ಚಾಗಿ ಫಿಲ್ಲರಿನಲ್ಲೇ.

ನಸೀಮಾ ಔರಾದದ ಶಾಲಾ ಶಿಕ್ಷಕಿ. ಪದಬಂಧ ಹಿಡಿದು ಬಸ್ಸಿನಲ್ಲಿ ಬೀದರಿಗೆ ಬಂದಿದ್ದರು. ಥೀಮ್ ದರ್ಜಿ ಅಂಗಡಿ: ಕತ್ತರಿ, ಸೂಜಿ, ಇಸ್ತ್ರಿ, ಬಟ್ಟೆಯ ಒಳಪದರವಾದ ಅಸ್ತರ, ಗುಂಡಿ ತೂರಿಸುವ ಕಾಜಾ. ಕಾಜಾಕ್ಕೆ ಅವರು ಕೊಟ್ಟ ಸುಳಿವು ‘ಗುಂಡಿಯ ಮನೆ’.

“ಗುಂಡಿಗಿ ಮನಿ ಮಂಜೂರ್ ಮಾಡ್ಯಾರ ಟೀಚರ್ ಬಾಯಿಯವ್ರು. ಸರ್ಕಾರಿ ಯೋಜನಾ ಏನ್ರಿ ಇದು?” ವಿಠಲರಾವ್ ನಕ್ಕರು. “ಭಾಲ್ಕ್ಯಾಗ ಮಂದಿ ಚಾ ಆರೂದ್ರಾಗ ಮುಗಿಸಿ ನಮಗ ಬೈತಾರ.”

“ಬೈಲಿ ಬಿಡ್ರಿ ಸರ್. ನಮ್ಮ ಅಬ್ಬಾಗ ಬಂದ್ರ ಸಾಕು.”

ಅವರ ಅಬ್ಬಾ ಔರಾದದಲ್ಲಿ ಟೇಲರ್ ಆಗಿದ್ದವರು. ಕನ್ನಡ ಓದಲು ಕಲಿತದ್ದೇ ನಮ್ಮಂಥ ಪತ್ರಿಕೆಗಳಿಂದ. ಭಾನುವಾರದ ಪದಬಂಧ ತಪ್ಪಿಸಿದವರಲ್ಲ. ಲಕ್ವಾ ಹೊಡೆದ ಮೇಲೆ ಕೈಕಾಲು ಚೇತರಿಸಿಕೊಂಡವು, ಆಡಲು, ಬರೆಯಲು ಪದಗಳು ಮರಳಲಿಲ್ಲ. ಅಂಗಡಿಯ ಪದಗಳಾದರೂ ಒಳಗೆ ಉಳಿದಿರಬಹುದೆಂಬುದು ಮಗಳ ಆಸೆ. ಮನೆಯಲ್ಲೇ ಬರೆದುಕೊಟ್ಟರೆ ಸಾಲಿ ಮಕ್ಕಳ ಪರೀಕ್ಷೆಯೆಂದು ತಳ್ಳಿಬಿಡುತ್ತಿದ್ದರಂತೆ. ಪತ್ರಿಕೆಯಲ್ಲೇ ಬರಬೇಕಿತ್ತು.

ಥೀಮ್ ಒಪ್ಪಿದೆ, ಅದು ಮೂರನೆಯ ಪದಕ್ಕೇ ಹೊಳೆಯುತ್ತಿತ್ತು. ಆದರೆ ಅಸ್ತರದ ‘ಸ್ತ’ ಮನೆಯಲ್ಲಿ ಅಡ್ಡ ಹಾಯಲು ಅವರು ‘ಪ್ರಸ್ತರ’ ಹಾಕಿದ್ದರು, ಕಲ್ಲು ಎಂಬ ಅರ್ಥದಲ್ಲಿ. ಅದನ್ನು ತೆಗೆದು ‘ಪುಸ್ತಕ’ ಮಾಡಿದೆ. ಅಂಥ ನಿಘಂಟಿನ ಪದಗಳನ್ನೆಲ್ಲ ಹೆಕ್ಕಿ ಹೆಕ್ಕಿ ತೆಗೆದೆವು. ಬಿಸಿ ಚಹಾದ ಮಾತಾಡಿದ ವಿಠಲರಾವ್ ಅವರೇ ಸಂಜೆಯವರೆಗೆ ಕೂತು ಸುಲಭದ ಪದ ಹುಡುಕಿಕೊಟ್ಟರು. ಅಷ್ಟು ಶುದ್ಧವಾದ ಪದಬಂಧ ನಮ್ಮ ಪುಟದಲ್ಲಿ ಅಪರೂಪ.

ಪ್ರಕಟವಾದ ಭಾನುವಾರ ಮಧ್ಯಾಹ್ನ ನಸೀಮಾ ಫೋನ್ ಮಾಡಿದರು.

“ಸರ್, ಭಾಳ ಹೊತ್ತು ಪೇಪರ್ ಹಿಡ್ಕೊಂಡು ಕುಂತಿದ್ರು. ಕಾಜಾದ ಸುಳಿವು ಓದಿ ತಮ್ಮ ಅಂಗಿ ಕಾಜಾದ ಮ್ಯಾಲೆ ಬೆರಳು ಇಟ್ರು. ಬರೀಲಿಕ್ಕೆ ಆಗ್ಲಿಲ್ರಿ.”

“ಒಂದೂ ಇಲ್ಲೇನ್ರಿ?”

“ಒಂದೂ ಇಲ್ರಿ. ಇಷ್ಟ ದಿನ ಪದ ಬರ್ಲಿಲ್ಲಂದ್ರ ‘ಪೇಪರ್‌ದವ್ರಿಗಿ ಹುಚ್ಚ ಹಿಡದದ’ ಅನ್ನೂರಂಗ ಕೈ ಮಾಡಿ ನಗ್ತಿದ್ರು. ಇವತ್ತ ಏನೂ ಮಾಡ್ಲಿಲ್ರಿ.”

ಕಷ್ಟದ ಪದ ಓದುಗನಿಗೆ ಒಂದು ನೆಪವನ್ನಾದರೂ ಉಳಿಸುತ್ತದೆ. ಫಿಲ್ಲರ್‌ಗಳನ್ನು ಹೆಕ್ಕುವಾಗ ನಾವು ಆ ನೆಪಗಳನ್ನೇ ಒಂದೊಂದಾಗಿ ತೆಗೆಯುತ್ತಿದ್ದೆವು. ಪದಗಳನ್ನು ಅಳೆಯುವ ನನ್ನ ಯಾವ ಮಾನದಂಡದಲ್ಲೂ ಇದಕ್ಕೆ ಜಾಗವಿರಲಿಲ್ಲ. ಆಮೇಲೂ ಬಹಳ ದಿನ ಪದಬಂಧ ಆರಿಸಿದೆ. ಸುಲಭ ಎಂಬ ಮಾತನ್ನು ಯಾವ ಪದಕ್ಕೂ ಧೈರ್ಯವಾಗಿ ಹೇಳಲಾಗಲಿಲ್ಲ.

ಆ ಪದಬಂಧ ಬಂದ ವಾರವೇ ಅವರ ಮನೆಗೆ ಪತ್ರಿಕೆ ನಿಂತಿತು. ತಂದೆಗೆ ಮತ್ತೆ ನೋವಾಗದಿರಲಿ ಎಂದು ಮಗಳೇ ನಿಲ್ಲಿಸಿದರೆಂದು ನಾನು ನಂಬಿಕೊಂಡಿದ್ದೆ. ಅವರೇ ಹಾಗೆ ಹೇಳಿದ ನೆನಪೂ ಇತ್ತು. ಕಳೆದ ವರ್ಷ ಔರಾದಕ್ಕೆ ಹೋದಾಗ ಬಸ್ ನಿಲ್ದಾಣದ ಪತ್ರಿಕೆ ಏಜೆಂಟರನ್ನು ಕೇಳಿದೆ.

“ಮಗಳಲ್ರಿ. ಟೇಲರ್ ಸಾಬ್ ಖುದ್ದ ಬಂದಿದ್ರು. ಪೇಪರ್ ಗಂಟಿನ ಮ್ಯಾಲೆ ಕೈ ಇಟ್ಟು, ಬ್ಯಾಡ ಅಂತ ತಲಿ ಆಡಿಸಿದ್ರು.”

ನಸೀಮಾ ಅವರನ್ನೂ ಕೇಳಿದೆ. ಹೌದು, ಅಬ್ಬಾನೇ ನಿಲ್ಲಿಸಿದ್ದು ಎಂದರು.